ಮಸ್ಕತ್ತಿಗೆ ಹೋದ ಮೊಂತಿ ಹಬ್ಬದ ಕಾಗದ

ಇನ್ನೊಬ್ಬರ ಮನೆಯ ಕಾಗದದ ಸಂಗತಿ ಹೇಳುವುದು ಸಭ್ಯತೆಯಲ್ಲ. ಹೇಳುವ ಯೋಗ್ಯತೆಯೂ ನನಗಿಲ್ಲ. ಓದುವವರು ಕ್ಷಮಿಸಬೇಕು.

ಸಂತೆಕಟ್ಟೆಯ ಜೆರ್ಟ್ರೂಡ್ ಬಾಯಿ ಪರಮ ಭಕ್ತೆ. ದಿನಾ ಸಂಜೆ ಜಪಸರ ಹಿಡಿದು ದೇವರಿಗೆ ಸ್ತೋತ್ರ ಹೇಳುವರು. ಮುಗಿದ ಮೇಲೆ ದೇವರು ಎಲ್ಲೆಲ್ಲಿ ತಪ್ಪಿದನೆಂದು ವಿವರಿಸುವರು. ಮಳೆ ಬಂದರೆ ಸೌದೆ ಒದ್ದೆ, ಬಾರದಿದ್ದರೆ ಗದ್ದೆ ಒಣ. ಉಳಿದ ದಿನಗಳ ದೂರಿಗೆ ಸೊಸೆ ಜೆಸ್ಸಿ ಇದ್ದಳು.

ಅವರಿಗೆ ಓದು ಬರಹ ಬಾರದು. ಮಸ್ಕತ್ತಿನಲ್ಲಿದ್ದ ಮಗ ಲಿಯೋನೆಲನಿಗೆ ತಿಂಗಳಿಗೊಂದು ಕಾಗದ. ಅವರು ಹೇಳುವುದು, ಜೆಸ್ಸಿ ಬರೆಯುವುದು. ‘ನಿನ್ನ ಹೆಂಡತಿಯ ಸಾರಿಗೆ ಉಪ್ಪಿಲ್ಲ, ಕೈಗೆ ಚುರುಕಿಲ್ಲ’ ಎಂಬುದನ್ನು ಜೆಸ್ಸಿ ನಾಲ್ಕು ವರ್ಷ ಒಂದಕ್ಷರ ಬಿಡದೆ, ಮುದ್ದಾಗಿ ಬರೆದಳು.

೧೯೮೧ರ ಆಗಸ್ಟಿನಲ್ಲಿ ಉತ್ತರ ಬಂತು. ಓದಿ ಹೇಳಿದವಳೂ ಜೆಸ್ಸಿಯೇ. “ಮುಂದಿನ ಕಾಗದದಲ್ಲೂ ದೂರು ಇದ್ದರೆ, ಡಿಸೆಂಬರಿನಲ್ಲಿ ಬಂದವನೇ ಜೆಸ್ಸಿಯನ್ನು ಕರೆದುಕೊಂಡು ಮಣಿಪಾಲದಲ್ಲಿ ಬಾಡಿಗೆ ಮನೆ ಮಾಡುತ್ತೇನೆ.”

ಆ ದಿನ ಜೆರ್ಟ್ರೂಡ್ ಬಾಯಿಗೆ ಊಟ ಸೇರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿತ್ತು. ಅದು ಇನ್ನೊಂದು ಬೇಸರ.

ಸೆಪ್ಟೆಂಬರ್ ಎಂಟು, ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ತೆನೆಯ ಅಕ್ಕಿಯನ್ನು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಉಣ್ಣುವುದು, ದೂರ ಇದ್ದವರಿಗೆ ನಾಲ್ಕು ಕಾಳು ಕಾಗದದೊಳಗೆ ಇಟ್ಟು ಕಳಿಸುವುದು ಕ್ರಮ. ‘ಎಲ್ಲದಕ್ಕೂ ಕೃತಜ್ಞರಾಗಿರಿ ಎಂದು ಸಂತ ಪೌಲ್ ಹೇಳಿದ್ದಾನೆ’ ಎಂದು ಪಾದ್ರಿಗಳು ಪ್ರಸಂಗ ಮಾಡಿದರು.

“ಪೌಲನಿಗೆ ಸೊಸೆ ಇರಲಿಲ್ಲ” ಎಂದು ಜೆರ್ಟ್ರೂಡ್ ಬಾಯಿ ಪಕ್ಕದ ಒಲಿಂಡಾಳ ಕಿವಿಯಲ್ಲಿ ಹೇಳಿದರು.

ಊಟವಾದ ಮೇಲೆ ಜೆಸ್ಸಿ ಪೆನ್ನು ಹಿಡಿದು ಕುಳಿತಳು.

“ಬರೆ. ದೇವರ ದಯೆಯಿಂದ ಬೆಳೆ ಒಳ್ಳೆದುಂಟು. ಆದರೆ...”

ಪೆನ್ನು ನಿಂತಿತು. “ಆದರೆ ಅಂತ ಬರೆಯಬೇಕಾ, ಮಾಂಯ್?” ಅತ್ತೆಯನ್ನು ಅವಳು ಹಾಗೆಯೇ ಕರೆಯುವುದು.

“ಬೇಡ. ದನ ಕರು ಹಾಕಿತು. ಹಾಕಿದ್ದು ಗಂಡು...”

“ಗಂಡು ಬರೆಯುವುದಾ?”

“ಕರು ಅಂತ ಬರೆ, ಸಾಕು. ಎಂತ ಮಾರಾಯ್ತಿ, ಹೀಗಾದರೆ ಅರ್ಧ ಕಾಗದವೂ ತುಂಬುವುದಿಲ್ಲ.”

ಅರ್ಧ ಗಂಟೆಗೆ ಎರಡು ಸಾಲಾಯಿತು. ಹೇಳಲು ಏನೂ ಸಿಗದೆ ಜೆರ್ಟ್ರೂಡ್ ಬಾಯಿ ಎದುರಿಗೆ ಪೆನ್ನು ಹಿಡಿದಿದ್ದ ಸೊಸೆಯ ಕೈಯನ್ನೇ ನೋಡಿದರು. ಬೆಳಗ್ಗೆ ಭತ್ತ ಸುಲಿದ ಹೆಬ್ಬೆರಳಿನ ಉಗುರು ಸೀಳಿತ್ತು. ಅದನ್ನು ಜೆಸ್ಸಿ ಯಾರಿಗೂ ಹೇಳಿರಲಿಲ್ಲ.

“ಬರೆ. ಪಾಯಸ ಜೆಸ್ಸಿ ಮಾಡಿದ್ದು. ಒಳ್ಳೆದಿತ್ತು. ಅವಳು ಈ ಮನೆಯಲ್ಲೇ ಇರಬೇಕು ನನಗೆ.”

ಜೆಸ್ಸಿ ತಲೆ ಎತ್ತಲಿಲ್ಲ. “ನನ್ನ ವಿಷಯ ನಾನೇ ಹೇಗೆ ಬರೆಯುವುದು, ಮಾಂಯ್?”

“ಇಷ್ಟು ವರ್ಷ ಬರೆದೆ ಅಲ್ವಾ?”

ಪೆನ್ನು ಓಡಿತು. ಓದಿ ಹೇಳು ಎನ್ನುವ ಧೈರ್ಯ ಜೆರ್ಟ್ರೂಡ್ ಬಾಯಿಗೆ ಬರಲಿಲ್ಲ. ನಾಲ್ಕು ಕಾಳು ಎಣಿಸಿ ಲಕೋಟೆಯೊಳಗೆ ಹಾಕಿದರು.

ಡಿಸೆಂಬರಿನಲ್ಲಿ ಲಿಯೋನೆಲ್ ಬಂದ. ಮಣಿಪಾಲದ ಮಾತೆತ್ತಲಿಲ್ಲ. ಆ ಕೊನೆಯ ಸಾಲನ್ನು ಅತ್ತೆ ಹೇಳಿದ ಹಾಗೆಯೇ ಜೆಸ್ಸಿ ಬರೆದಳೋ, ಅಥವಾ ತನ್ನ ಮಾತು ಏನಾದರೂ ಸೇರಿಸಿದಳೋ, ಗೊತ್ತಿಲ್ಲ.