ಅಂಟಿನ ಬ್ರಷ್ಷು

ಓರಗಿತ್ತಿಯರಿಬ್ಬರೂ ಮನೆಯ ಹಿಂದಿನ ಶೆಡ್ಡಿನಲ್ಲಿ ಚಪ್ಪಲಿ ಮಾಡುತ್ತಿದ್ದರು. ಕಿರಿಯವಳು ಅಟ್ಟೆ ಕತ್ತರಿಸಿದರೆ ಹಿರಿಯವಳು ಅಂಟು ಹಚ್ಚುವಳು. ಬೆಳಿಗ್ಗೆ ತೆಗೆದ ಬ್ರಷ್ಷು ಸಂಜೆಗೆ ಕಲ್ಲಾಗುತ್ತಿತ್ತು. ಬಳಸಿ ಎಸೆಯುವಂಥ ಅಗ್ಗದ ಬ್ರಷ್ಷಿಗಾಗಿ ಹಿರಿಯವಳು ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಜಾಲಾಡಿದಳು. ಸಿಕ್ಕವು ಕೂದಲು ಉದುರಿಸಿದವು; ಅಟ್ಟೆಯಂಚಿನಲ್ಲಿ ಕೂದಲು ಕಂಡ ವ್ಯಾಪಾರಿ ಮಾಲನ್ನೆಲ್ಲ ವಾಪಸು ಕಳಿಸಿದ. ಒಳ್ಳೆಯವು ಬೇಕಿದ್ದರೆ ಒಂದೇ ಸಲಕ್ಕೆ ಸಾವಿರ ಬ್ರಷ್ಷಾದರೂ ಕೊಳ್ಳಬೇಕು ಎಂದರು ಸಗಟು ಅಂಗಡಿಯವರು.

"ಇನ್ನು ಬೆರಳೇ ಬ್ರಷ್ಷು, ಬಿಡು," ಎಂದು ಹಿರಿಯವಳು ನಕ್ಕುಬಿಟ್ಟಳು. ಒಂದು ಕೈ ಉರಿದರೆ ಇನ್ನೊಂದರಲ್ಲಿ ಹಚ್ಚುತ್ತ ಎರಡು ವರ್ಷ ಕಳೆದಳು.

ಆಮೇಲೆ ಬಟ್ಟೆ ಕಾರ್ಖಾನೆಯಲ್ಲಿ ಇಬ್ಬರಿಗೂ ಸಂಬಳದ ಕೆಲಸ ಸಿಕ್ಕಿತು. ಮೊದಲ ದಿನ ಗೇಟಿನಲ್ಲಿದ್ದ ಹಾಜರಿ ಯಂತ್ರ ಕಿರಿಯವಳ ಬೆರಳಚ್ಚನ್ನು ಕೂಡಲೇ ಒಪ್ಪಿತು. ಹಿರಿಯವಳು ಹತ್ತೂ ಬೆರಳು ಒತ್ತಿದಳು. ಅಂಟಿನ ಜೊತೆ ಚರ್ಮ ಸುಲಿದು ಸುಲಿದು ಗೆರೆಗಳೇ ಅಳಿಸಿಹೋಗಿದ್ದವು.

"ನಿಮ್ಮ ಗುರುತೇ ಸಿಗ್ತಿಲ್ಲಮ್ಮ. ಹೀಗಾದ್ರೆ ಕೆಲಸಕ್ಕೆ ತಗೊಳಲ್ಲ," ಎಂದ ಕಾವಲುಗಾರ.

"ಅಕ್ಕಾ, ನಂಗೂ ಬೇಡ ಈ ಕೆಲಸ. ಮನೆಗೆ ಹೋಗೋಣ," ಎಂದಳು ಕಿರಿಯವಳು.

"ಹುಚ್ಚಿ, ಬಂದ ಭಾಗ್ಯಾನ ಕಾಲಲ್ಲಿ ಒದೀತಾರಾ? ಹೋಗು ಒಳಗೆ."

ಕಿರಿಯವಳು ಒಳಹೋದಳು, ಗೇಟು ಮುಚ್ಚಿತು. ಇನ್ನು ಶೆಡ್ಡಿನಲ್ಲಿ ತಾನೊಬ್ಬಳೇ ಎಂಬುದು ಹಿರಿಯವಳಿಗೆ ಬಸ್ಸು ಹತ್ತಿ ಕೂತ ಮೇಲೆ ಹೊಳೆಯಿತು.