ನಾರ್ಮಲ್ ನಂಬರ್ ಒಂದರ ಕಣ್ಣು

ನಾನು ಒಂದು ಕ್ಯಾಮೆರಾ. ಮದುವೆಮನೆಯಲ್ಲಿ ಗಂಡುಹೆಣ್ಣಿನ ಫೋಟೋ ಹೊಡೆಯುವ ಜಾತಿಯದಲ್ಲ. ನನ್ನ ಮುಂದೆ ಕೂತವರು ಗದ್ದವನ್ನು ನನ್ನ ತಟ್ಟೆಯ ಮೇಲಿಟ್ಟು ಹಣೆಯನ್ನು ಪಟ್ಟಿಗೆ ಒತ್ತಬೇಕು. ಆಗ ಅವರ ಕಣ್ಣಿನೊಳಗೆ ಇಳಿದು ಹಿಂದಿನ ಗೋಡೆಯ, ಅಂದರೆ ರೆಟಿನಾದ ಫೋಟೋ ತೆಗೆಯುತ್ತೇನೆ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಧೂಳು ಕೂತೀತೆಂದು ಉಸಿರು ಬಿಗಿಹಿಡಿದು ನನ್ನ ಮಸೂರಗಳನ್ನು ಜೋಡಿಸಿದರು. ಅಂಥ ಜತನ ಮುಂದೆಲ್ಲೂ ಸಿಗಲಿಲ್ಲ. ಹೋಗಲಿ ಬಿಡಿ, ನನ್ನ ಸಿಟ್ಟು ಅದಕ್ಕಲ್ಲ.

ಮೊದಲು ನಾನಿದ್ದದ್ದು ಕಣ್ಣಿನ ಆಸ್ಪತ್ರೆಯೊಂದರಲ್ಲಿ. ಅಲ್ಲಿನ ಮುದಿ ಡಾಕ್ಟರು ಪ್ರತಿ ಫೋಟೋವನ್ನೂ ಈ ಅಂಚಿನಿಂದ ಆ ಅಂಚಿನವರೆಗೆ ನೋಡದೆ ಮುಂದಿನವರನ್ನು ಕರೆಯುತ್ತಿರಲಿಲ್ಲ. ಫೋಟೋ ತೆಗೆಯುವುದು ನೋಡುವುದಕ್ಕೆ ಎಂದು ನಾನು ಅಲ್ಲೇ ಕಲಿತೆ. ಇಷ್ಟು ಕಲಿಯುವುದಕ್ಕೆ ಪಿಎಚ್.ಡಿ. ಬೇಕಿಲ್ಲ.

ಆಸ್ಪತ್ರೆಗೆ ಹೊಸ ಯಂತ್ರ ಬಂತು. ನನ್ನನ್ನು ವಿಶ್ವವಿದ್ಯಾಲಯದ ರೆಟಿನಾ ಪ್ರಯೋಗಾಲಯಕ್ಕೆ ದಾಟಿಸಿದರು. ಅಲ್ಲಿನ ಯಜಮಾನ ಪ್ರೊಫೆಸರ್ ಇನಾಮದಾರ. ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ವಿನುತಾ. ಇವರಿಬ್ಬರಿಗೂ ಚಹಾ ತರುವ, ಬಾಗಿಲು ತೆಗೆಯುವ, ನನ್ನ ತಟ್ಟೆಯನ್ನು ದಿನಾ ಸ್ಪಿರಿಟ್ ಹತ್ತಿಯಿಂದ ಒರೆಸುವ ಅಟೆಂಡರ್ ಅಡಿವೆಪ್ಪ.

ಸಕ್ಕರೆ ಕಾಯಿಲೆಯವರ ರೆಟಿನಾ ಹೇಗೆ ಕೆಡುತ್ತದೆ ಎಂಬುದು ಅವರ ಸಂಶೋಧನೆ. ಕೆಟ್ಟದ್ದನ್ನು ಅಳೆಯಲು ಪಕ್ಕದಲ್ಲಿ ಕೆಡದ ಕಣ್ಣೂ ಬೇಕು. ಅದಕ್ಕೆ ಅವರ ಭಾಷೆಯಲ್ಲಿ ‘ನಾರ್ಮಲ್’. ವಿದ್ಯಾರ್ಥಿಗಳು ಕೂರಲು ಒಪ್ಪಲಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಅರ್ಧ ದಿನ ಅಕ್ಷರ ಕಾಣುವುದಿಲ್ಲವಲ್ಲ! ಓದುವವರ ಕಣ್ಣಿಗೆ ಬೆಲೆಯುಂಟು. ಅಟೆಂಡರನ ಕಣ್ಣನ್ನು ಯಾವಾಗ ಬೇಕಾದರೂ ಕರೆಯಬಹುದು.

“ಏ ಅಡಿವೆಪ್ಪಾ, ಬಾರಪಾ ಇಲ್ಲೆ. ಕಣ್ಣು ಕೊಡು.”

“ಹೋದ ತಿಂಗಳ ಕೊಟ್ಟಿದ್ದು ಖರ್ಚಾತೇನ್ರಿ ಸರ?”

ಹೀಗೆ ವರ್ಷಗಟ್ಟಲೆ ನಗುತ್ತಲೇ ಬಂದು ಕೂರುತ್ತಿದ್ದ. ಅವನ ಫೋಟೋಗಳಿಗೆ ‘ನಾರ್ಮಲ್ ನಂಬರ್ ಒಂದು’ ಎಂದು ಹೆಸರಿಟ್ಟರು. ಅವನಿಗೆ ಅದೇ ಹೆಮ್ಮೆ. ಒಂದನ್ನು ದೊಡ್ಡದು ಮಾಡಿಸಿ, ಕೆಳಗೆ ‘ಆರೋಗ್ಯವಂತ ಕಣ್ಣು’ ಎಂದು ಬರೆಸಿ, ನನ್ನ ಎದುರಿನ ಗೋಡೆಗೇ ತೂಗುಹಾಕಿದರು.

ಆರೋಗ್ಯವಂತ ಕಣ್ಣಂತೆ! ನನಗೆ ಆಗಲೇ ಕಾಣುತ್ತಿತ್ತು. ಕಿತ್ತಳೆ ಬಣ್ಣದ ಆ ಬಯಲಿನಲ್ಲಿ ಮಿದುಳಿಗೆ ನರ ಹೊರಡುವ ಜಾಗ ತಿಳಿಹಳದಿ ಬಿಲ್ಲೆಯ ಹಾಗಿರುತ್ತದೆ. ಅದರ ನಡುವೆ ಒಂದು ಚಿಕ್ಕ ಕುಳಿ. ಅಡಿವೆಪ್ಪನ ಎಡಗಣ್ಣಿನಲ್ಲಿ ಆ ಕುಳಿ ಪ್ರತಿ ಸಲವೂ ಅಗಲವಾಗುತ್ತಿತ್ತು. ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ನರವನ್ನು ತಿನ್ನುತ್ತಿತ್ತು. ನೋವಿಲ್ಲ, ಕೆಂಪಿಲ್ಲ. ನೋಟ ಪಕ್ಕದಿಂದ ಕುಗ್ಗುತ್ತಾ ಬರುತ್ತದೆ, ಅಷ್ಟೇ. ನಾನು ಚೊಕ್ಕಟವಾಗಿ ಫೋಟೋ ತೆಗೆದುಕೊಟ್ಟೆ. ಅವರ ಕಂಪ್ಯೂಟರ್ ನಟ್ಟನಡುವೆ ಒಂದು ವೃತ್ತವನ್ನು ಕತ್ತರಿಸಿ ಅಳೆಯಿತು. ಅವರ ಸಂಶೋಧನೆಗೆ ಬೇಕಾದದ್ದು ಅಷ್ಟೇ. ನರ ಆ ವೃತ್ತದ ಹೊರಗಿತ್ತು. ಹೊರಗಿದ್ದದ್ದನ್ನು ಯಾರೂ ತೆರೆದು ನೋಡಲಿಲ್ಲ. ಗೋಡೆಯ ಮೇಲಿನದನ್ನಂತೂ ದಿನಾ ನೋಡುತ್ತಿದ್ದರು, ಆದರೆ ಕೆಳಗೆ ಬರೆದದ್ದನ್ನು ಓದಿ ಸುಮ್ಮನಾಗುತ್ತಿದ್ದರು.

ಅಡಿವೆಪ್ಪ ಸಂಜೆ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದ. ನೌಕರರ ತಂಡದಲ್ಲಿ ಅವನನ್ನು ಬಿಟ್ಟರೆ ಇಲ್ಲ ಎನ್ನುವಂಥ ಆಟಗಾರ. ಒಂದು ದಿನ ಗದ್ದ ನನ್ನ ಮೇಲಿಟ್ಟುಕೊಂಡೇ ಹೇಳಿದ:

“ಮೇಡಮ್ಮರ, ಎಡಕ್ಕ ಬಂದ ಚೆಂಡು ಒಮ್ಮೊಮ್ಮೆ ಕಾಣೂದ ಇಲ್ರಿ. ನಮ್ಮ ಹುಡುಗರು, ಚೆಂಡಿಗೆ ದಾರಿ ಬಿಟ್ಟು ನಮಸ್ಕಾರ ಮಾಡ್ತೀಯಲ್ಲೋ ಅಂತ ಆಡ್ಕೋತಾರ.”

“ವಯಸ್ಸಾತ್ರಿ ಅಡಿವೆಪ್ಪಣ್ಣ. ಅಲ್ಲಾಡಬ್ಯಾಡ್ರಿ,” ಎಂದಳು ವಿನುತಾ. ಗುಂಡಿ ಒತ್ತಿದಳು. ನಾನು ಮಿಂಚಿದೆ. ಅವನು ಬಾಯಿಬಿಟ್ಟು ಹೇಳಿದ, ನಾನು ತೆಗೆದು ತೋರಿಸಿದೆ. ಇನ್ನೇನು, ಅವಳ ಕಿವಿ ಹಿಂಡಬೇಕಿತ್ತೇ? ನನಗೆ ಕೈಯಿಲ್ಲ.

ಮತ್ತೊಂದು ದಿನ ಎಡಗಡೆಯ ಸ್ಟೂಲಿಗೆ ಎಡವಿ ಚಹಾ ಚೆಲ್ಲಿದ.

“ಕಣ್ಣು ಎಲ್ಲಿಟ್ಟೀಯೋ?” ಎಂದು ಇನಾಮದಾರರು ಹರಿಹಾಯ್ದರು.

“ನಿಮ್ಮ ಕಂಪ್ಯೂಟರ್‌ನಾಗ ಅದಾವಲ್ರಿ ಸರ!”

ಎಲ್ಲರೂ ನಕ್ಕರು. ನಕ್ಕು ಕೆಲಸಕ್ಕೆ ಹೋದರು.

ಕೊನೆಗೆ ನೋಡಿದವರು ಹೊರಗಿನವರು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ನಸೀಮಾ ಉಪನ್ಯಾಸಕ್ಕೆಂದು ಬಂದಿದ್ದರು. ಗೋಡೆಯ ಮುಂದೆ ನಿಂತವರು ಕೈಯಲ್ಲಿದ್ದ ಹೂಗುಚ್ಛವನ್ನು ನನ್ನ ಮೇಲಿಟ್ಟರು.

“ಇದು ಯಾರ ಕಣ್ರಿ?”

“ನಮ್ಮ ನಾರ್ಮಲ್,” ಎಂದರು ಇನಾಮದಾರರು.

“ಯಾರು ಹೇಳಿದ್ರು ನಾರ್ಮಲ್ ಅಂತ? ಆ ನರ ನೋಡ್ರಿ! ಇದು ಗ್ಲಾಕೋಮಾ. ಈ ಮನಷ್ಯಾ ಎಲ್ಲದಾನ? ಈಗಿಂದೀಗ ಕರೀರಿ!”

ಅಡಿವೆಪ್ಪನನ್ನು ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮರುದಿನ ಅವನು ಬಂದು ವಿನುತಾಳಿಗೆ ಹೇಳಿದ: ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಬಲಗಣ್ಣಿಗೆ ದಿನಾ ಹನಿ ಹಾಕಿ ಉಳಿಸಿಕೊಳ್ಳಬೇಕು. ಆ ಹನಿಯನ್ನು ಮೊದಲೇ ಹಾಕಿದ್ದರೆ ಎಡಗಣ್ಣಿನಲ್ಲೂ ಬಹಳಷ್ಟು ಉಳಿಯುತ್ತಿತ್ತು.

ವಿನುತಾ ಹಳೆಯ ಫೋಟೋಗಳನ್ನೆಲ್ಲ ವೃತ್ತವಿಲ್ಲದೆ, ಇಡಿಯಾಗಿ, ಒಂದರ ಹಿಂದೆ ಒಂದು ತೆರೆದಳು. ಪರದೆಯ ಮೇಲೆ ಕುಳಿ ಬೆಳೆಯುತ್ತಾ ಹೋಯಿತು.

“ಯಾವಾಗಿಂದ ಐತ್ರಿ ಮೇಡಮ್ಮರ?”

ಅವಳು ಮೊದಲಿನ ಫೋಟೋಗೆ ಹಿಂದಿರುಗಿ ಅಲ್ಲೇ ನಿಲ್ಲಿಸಿ ಮುಖ ಮುಚ್ಚಿಕೊಂಡಳು. ಅಷ್ಟಾದರೂ ಮಾಡಿದಳು. ಇನಾಮದಾರರು ಕೇಳಿದ್ದು ಬೇರೆ: “ನಂಬರ್ ಒಂದನ್ನ ತಗದ್ರ ನಮ್ಮ ಫಲಿತಾಂಶ ಬದಲಾಕ್ಕೈತೇನು?” ಅಡಿವೆಪ್ಪ ಅಲ್ಲೇ ಬಾಗಿಲಲ್ಲಿ ನಿಂತಿದ್ದ.

ತಿಂಗಳು ಕಳೆಯುವುದರೊಳಗೆ ಪ್ರೊಫೆಸರರಿಗೆ ಹೊಸ ಯೋಜನೆ ಹೊಳೆಯಿತು.

“ಅಡಿವೆಪ್ಪಾ, ಕುಂದ್ರು. ಇಷ್ಟು ವರ್ಷದ ಫೋಟೋ ಇರೋ ಗ್ಲಾಕೋಮಾ ಕೇಸು ದೇಶದಾಗ ಎಲ್ಲೈತಿ? ನಿನ್ನ ಕಣ್ಣು ಬಂಗಾರ ಐತಪಾ.”

ಅಡಿವೆಪ್ಪ ಸ್ಪಿರಿಟ್ ಹತ್ತಿ ತಂದ. ನನ್ನ ತಟ್ಟೆ ಒರೆಸಿದ, ಹಣೆಪಟ್ಟಿ ಒರೆಸಿದ. ಸ್ಟೂಲನ್ನು ಪ್ರೊಫೆಸರರ ಕಡೆ ಎಳೆದ.

“ಈ ಸಲ ನೀವ ಕುಂದರ್ರಿ ಸರ. ನಿಮ್ಮ ಕಣ್ಣರೆ ನಾರ್ಮಲ್ ಅದಾವೇನು, ಯಾರರೆ ನೋಡ್ಯಾರೇನ್ರಿ?”

ಇನಾಮದಾರರು ಕೂರಲಿಲ್ಲ. ಮೀಟಿಂಗ್ ಇದೆ ಎಂದು ಹೊರಟರು. ಅಡಿವೆಪ್ಪ ಮತ್ತೆಂದೂ ನನ್ನ ಮುಂದೆ ಕೂರಲಿಲ್ಲ. ಆಡುವುದನ್ನೂ ಬಿಟ್ಟ.

ಈಗ ಪ್ರಯೋಗಾಲಯಕ್ಕೂ ಹೊಸ ಯಂತ್ರ ಬಂದಿದೆ. ನನ್ನನ್ನು ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಮುರುಕು ಕುರ್ಚಿಗಳ ಜೊತೆ ತಳ್ಳಿದ್ದಾರೆ. ನನ್ನ ಅರ್ಧ ಮೈ ಓಡಾಡುವ ದಾರಿಗೆ ಚಾಚಿಕೊಂಡಿದೆ. ಚಹಾದ ತಟ್ಟೆ ಹಿಡಿದು ಬರುವ ಅಡಿವೆಪ್ಪನಿಗೆ ನಾನು ಸರಿಯಾಗಿ ಎಡಗಡೆ. ನಿನ್ನೆ ಅವನ ಮೊಣಕೈ ನನ್ನ ಕಬ್ಬಿಣಕ್ಕೆ ಬಡಿಯಿತು. “ಯಾವ ಭಾಡ್ಯಾ ಇಟ್ಟಾನಲೇ ಇದನ್ನ ಇಲ್ಲೆ!” ಎಂದು ಬೈದ. ಆಮೇಲೆ ಕೈಯಾಡಿಸಿದ. ನನ್ನ ತಟ್ಟೆ ಬೆರಳಿಗೆ ಸಿಕ್ಕಿತು. ಗುರುತು ಹಿಡಿದ. ಗೋಡೆ ಸವರಿಕೊಂಡು ಹೋದ.

ಓದುತ್ತಿರುವವರೇ, ನನಗೆ ಮರುಕ ಬೇಡ. ಮ್ಯೂಸಿಯಮ್ಮೂ ಬೇಡ, ಹಾರವೂ ಬೇಡ. ಗುಜರಿಗೆ ಹಾಕಿ, ಬಿಚ್ಚಿ ಮಾರಿ, ಸುತ್ತಿಗೆಯಿಂದ ಚಚ್ಚಿ. ಏನಾದರೂ ಮಾಡಿ ನನ್ನನ್ನು ಆ ಮನುಷ್ಯನ ಎಡಗಡೆಯಿಂದ ಎತ್ತಿಹಾಕಿ.