ಗಂಜಿಯಲ್ಲಿದ್ದದ್ದೂ ಹಾಲೇ

ಹೊಟ್ಟೆ ಕೆಟ್ಟ ಮಗುವಿಗೆ ಏನು ತಿನ್ನಿಸಬೇಕು ಎನ್ನುವುದು ಎಲ್ಲ ಅಜ್ಜಿಯರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಆ ತಿಳಿವಳಿಕೆಯಿಂದಲೇ ನನ್ನ ಮೊಮ್ಮಗ ಮೂರು ವಾರ ಹೆಚ್ಚಿಗೆ ನರಳಿದ.

ನನ್ನ ಹೆಸರು ಬೌಕ್ಯಾ. ಡಚ್ಚರ ಹೈನುಸೀಮೆ ಫ್ರೀಸ್‌ಲ್ಯಾಂಡಿನ ನಮ್ಮ ಕೊಟ್ಟಿಗೆಯಲ್ಲಿ ತೊಂಬತ್ತು ಹಸುಗಳಿವೆ. ಮೊಮ್ಮಗ ಯೆಲ್ಮರ್‌ಗೆ ಆಗ ಒಂದೂವರೆ ವರ್ಷ. ಚಳಿಗಾಲದಲ್ಲಿ ಶಿಶುವಿಹಾರದಿಂದ ವಾಂತಿಭೇದಿ ಅಂಟಿಸಿಕೊಂಡು ಬಂದ. ವಾಂತಿ ಮೂರು ದಿನಕ್ಕೆ ನಿಂತಿತು. ಭೇದಿ ಎರಡು ವಾರವಾದರೂ ನಿಲ್ಲಲಿಲ್ಲ. ಹೊಟ್ಟೆಯುಬ್ಬರ, ಹುಳಿ ನಾತದ ನೀರುಭೇದಿ, ಅಂಡೆಲ್ಲ ಕೆಂಪು.

ಸೊಸೆ ಮಾರ್ಲೂಸ್ ಡಾಕ್ಟರ ಹತ್ತಿರ ಹೋಗಿಬಂದು ಹೇಳಿದಳು: "ಅತ್ತೆ, ನಾಲ್ಕು ವಾರ ಇವನಿಗೆ ಹಾಲು ಬೇಡವಂತೆ. ಲ್ಯಾಕ್ಟೋಸ್ ತೆಗೆದ ಹಾಲು ತಂದಿದೀನಿ, ಅದನ್ನೇ ಕೊಡಿ."

"ತೊಂಬತ್ತು ಹಸು ಇರೋ ಮನೆಗೆ ಪ್ಯಾಕೆಟ್ ಹಾಲು ತಂದ್ಯಾ? ಊರಲ್ಲಿ ಯಾರಿಗೂ ಹೇಳ್ಬೇಡ," ಎಂದೆ.

ತಮಾಷೆಗೆ ಹೇಳಿದ್ದಲ್ಲ, ಮೈಯೆಲ್ಲ ಉರಿದಿತ್ತು. ಮಾರ್ಲೂಸ್ ಪಟ್ಟಣದವಳು. ನಮ್ಮ ಹಾಲನ್ನೇ ವಿಷ ಎಂದಳು ಅನ್ನಿಸಿತು.

ಸೋಮವಾರದಿಂದ ಬುಧವಾರದವರೆಗೆ ಅವಳಿಗೆ ಕೆಲಸ, ಮಗು ನನ್ನ ಬಳಿ. ಸಂಜೆ ಕರೆದೊಯ್ಯಲು ಬಂದವಳೇ ಕೇಳುತ್ತಿದ್ದಳು, "ಹಾಲು ಕೊಟ್ಟಿಲ್ಲ ತಾನೆ?" "ಇಲ್ಲ" ಎನ್ನುತ್ತಿದ್ದೆ. ನನ್ನ ಪಾಲಿಗೆ ಅದು ಸುಳ್ಳಲ್ಲ. ನಮ್ಮ ಕಡೆ ಹಾಲು ಎಂದರೆ ಲೋಟದಲ್ಲಿ ಕುಡಿಯುವುದು, ಪಾತ್ರೆಗೆ ಬಿದ್ದರೆ ಅದು ಗಂಜಿ. ಕಾಯಿಲೆಯವರಿಗೆ ನಾವು ಮಾಡುವುದೇ ಮಜ್ಜಿಗೆಯಲ್ಲಿ ಬಾರ್ಲಿ ಬೇಯಿಸಿದ ಗಂಜಿ. ಮಗುವಿಗೆ ಹುಳಿಯಾಗದಿರಲೆಂದು ಮೇಲೆ ಒಂದಿಷ್ಟು ಹಾಲು ಹೊಯ್ಯುತ್ತಿದ್ದೆ. ದಿನಕ್ಕೆ ಎರಡು ಬಟ್ಟಲು.

ವಾರದ ಕೊನೆಗೆ ಮಗು ಸುಧಾರಿಸುತ್ತಿತ್ತು. ಸೋಮವಾರ ಮತ್ತೆ ಶುರು. ನಾನು ಮಗ ವೀಬ್ರನ್‌ನ ಕಿವಿಯೂದಿದೆ: "ಶನಿವಾರ ಭಾನುವಾರ ಅವಳು ಕುಡಿಸಿದ ಪ್ಯಾಕೆಟ್ ನೀರೇ ಸೋಮವಾರ ಹೊರಗೆ ಬರ್ತಿದೆ. ನಿನ್ನ ಹೆಂಡತಿಗೆ ಮಗು ಸಾಕೋಕೆ ಬರಲ್ಲ ಕಣೋ." ಅವನು ಹೋಗಿ ಅದನ್ನೇ ಅವಳಿಗೆ ಹೇಳಿದ. ಮೂರನೆಯ ವಾರದ ಹೊತ್ತಿಗೆ ಮಾರ್ಲೂಸ್ ತಪ್ಪು ತನ್ನದೇ ಎಂದು ನಂಬಿ ಅಳತೊಡಗಿದ್ದಳು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ.

ಒಂದು ಮಂಗಳವಾರ ಹತ್ತು ಗಂಟೆಯ ಕಾಫಿಗೆ ಪಕ್ಕದ ಮನೆಯ ರಿಕ್ಸ್ಟ್ ಬಂದಳು. ಮಕ್ಕಳ ತೂಕ ನೋಡುವ, ಚುಚ್ಚುಮದ್ದು ಹಾಕುವ ಕೇಂದ್ರದಲ್ಲಿ ಅವಳು ನರ್ಸ್. ನಾನು ಯೆಲ್ಮರ್‌ಗೆ ತಿನ್ನಿಸುತ್ತಿದ್ದೆ.

"ಅದೇನೇ ಬಟ್ಟಲಲ್ಲಿ?" ಎಂದಳು.

"ಗಂಜಿ ಕಣೆ. ಹೊಟ್ಟೆಗೆ ತಂಪು."

"ಯಾವುದ್ರಲ್ಲಿ ಬೇಯಿಸ್ದೆ?"

"ಮಜ್ಜಿಗೇಲಿ. ಇನ್ಯಾವುದ್ರಲ್ಲಿ ಬೇಯಿಸ್ತಾರೆ? ಮೇಲೆ ಒಂಚೂರು ಹಾಲು."

ಅವಳು ಕಾಫಿ ಕೆಳಗಿಟ್ಟಳು. "ಡಾಕ್ಟರು ಹಾಲು ಬೇಡ ಅಂದಿದ್ದಾರೆ ಅಂತ ಮಾರ್ಲೂಸ್ ಹೇಳಿದ್ಲಲ್ಲ?"

"ಹಾಲು ಎಲ್ಲಿ ಕೊಟ್ಟೆ? ಗಂಜಿ ಕೊಟ್ಟೆ."

"ಬೌಕ್ಯಾ, ಲೋಟದ ಹಾಲು ಯಾವುದು, ಪಾತ್ರೆ ಹಾಲು ಯಾವುದು ಅಂತ ಅವನ ಕರುಳಿಗೆ ಗೊತ್ತಾಗಲ್ಲ."

"ನಾಲ್ಕು ಮಕ್ಕಳನ್ನ ಇದೇ ಗಂಜಿ ಹಾಕಿ ಬೆಳೆಸಿದೀನಿ. ನಂಗೇ ಪಾಠ ಹೇಳ್ತೀಯಾ?"

"ಹೇಳ್ತೀನಿ, ಕೇಳು. ಹಾಲಲ್ಲಿ ಒಂದು ಥರದ ಸಕ್ಕರೆ ಇದೆ, ಅದೇ ಲ್ಯಾಕ್ಟೋಸ್. ಅದನ್ನ ಅರಗಿಸೋ ರಸ ಕರುಳಿನ ಒಳಪದರದಲ್ಲಿ ಹುಟ್ಟುತ್ತೆ. ಈ ಭೇದೀಲಿ ಆ ಪದರ ತರಚಿಹೋಗಿದೆ. ಅದು ಮತ್ತೆ ಬೆಳೆಯೋವರೆಗೆ ಹಾಲು ಅರಗಲ್ಲ, ನೀರಾಗಿ ಹೋಗುತ್ತೆ. ಮಜ್ಜಿಗೇಲೂ ಆ ಸಕ್ಕರೆ ಇರುತ್ತೆ. ಕುದಿಸಿದ್ರೂ ಹೋಗಲ್ಲ."

"ಹಾಗಾದ್ರೆ ಇವನಿಗೆ ಇನ್ಮೇಲೆ ಹಾಲೇ ಇಲ್ವಾ?"

"ಯಾರು ಹಾಗಂದ್ರು? ಕೆಲವು ವಾರ ಅಷ್ಟೆ. ನಿನ್ನ ಹಸುಗಳಿಗೆ ಯಾರೂ ಬೈದಿಲ್ಲ."

ರಿಕ್ಸ್ಟ್ ಮಗುವನ್ನು ಎತ್ತಿಕೊಂಡು ತೊಡೆಯ ಚರ್ಮ ಹಿಡಿದು ತೋರಿಸಿದಳು. ಸಡಿಲವಾಗಿ ಬೆರಳಿಗೆ ಬಂತು. ಮೂರು ವಾರ ಅವನ ಬಟ್ಟೆ ಬದಲಾಯಿಸಿದವಳು ನಾನು, ನನಗೆ ಕಂಡಿರಲಿಲ್ಲ.

"ಸಂಜೆ ಮಾರ್ಲೂಸ್‌ಗೆ ನೀನೇ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ," ಎಂದು ಹೋದಳು.

ಹೇಳಿದೆ. ಮಾರ್ಲೂಸ್ ಕೂಗಾಡಲಿಲ್ಲ. ಮಗುವಿಗೆ ಕೋಟು ತೊಡಿಸುತ್ತ, "ನಾನು ಪ್ರತಿ ಸಲ ಕೇಳ್ತಿದ್ದೆ ಅಲ್ವಾ ಅತ್ತೆ?" ಎಂದಳು. ವೀಬ್ರನ್ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದ.

ಅವಳು ರಜೆ ಹಾಕಿ ಮಗುವನ್ನು ತಾನೇ ನೋಡಿಕೊಂಡಳು. ಗಂಜಿ ನೀರಿನಲ್ಲಿ ಬೆಂದಿತು. ವೀಬ್ರನ್ ಅಂಗಡಿಯಲ್ಲಿ ನಿಂತು ಬ್ರೆಡ್ಡು, ಬಿಸ್ಕತ್ತಿನ ಪೊಟ್ಟಣಗಳ ಹಿಂಬದಿ ಓದಿ, ಹಾಲಿನ ಪುಡಿ ಇಲ್ಲದ್ದನ್ನೇ ಆರಿಸಿ ತಂದ. ಕೆಲವೇ ದಿನಗಳಲ್ಲಿ ಭೇದಿ ನಿಂತಿತು. ಅಲ್ಲಿಂದ ನಾಲ್ಕು ವಾರದ ಮೇಲೆ ಡಾಕ್ಟರನ್ನು ಕೇಳಿ ಮೊದಲು ಒಂದು ಚಮಚ ಹಾಲು ಕೊಟ್ಟರು, ಆಮೇಲೆ ಅರ್ಧ ಲೋಟ. ಈಗ ಯೆಲ್ಮರ್ ಎಲ್ಲರಂತೆ ಹಾಲು ಕುಡಿಯುತ್ತಾನೆ.

ಅಮ್ಮಂದಿರೇ, ಅಜ್ಜಿಯರೇ, ವಾಂತಿ ನಿಂತ ಮೇಲೂ ಹಾಲು ಕುಡಿದಾಗಲೆಲ್ಲ ಮಗುವಿಗೆ ನೀರುಭೇದಿಯಾದರೆ ಡಾಕ್ಟರಿಗೆ ತೋರಿಸಿ. ನೀವಾಗಿಯೇ ಹಾಲು ಬಿಡಿಸಬೇಡಿ. ಅವರು ಬಿಡಿಸಿ ಎಂದರೆ ಕದ್ದು ಕೊಡಬೇಡಿ. ಎದೆಹಾಲು ಮಾತ್ರ ನಿಲ್ಲಿಸಬೇಡಿ. ಮಗು ಉಚ್ಚೆ ಹೊಯ್ಯದಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಿ. ಮತ್ತೆ, ಮಗುವಿನ ತಾಯಿ ಏನು ಕೊಟ್ಟಿರಿ ಎಂದು ಕೇಳಿದರೆ, ಬಟ್ಟಲಲ್ಲಿ ಇದ್ದದ್ದನ್ನೆಲ್ಲ ಹೇಳಿ.

ಯೆಲ್ಮರ್‌ನ ಕರುಳು ನಾಲ್ಕು ವಾರದಲ್ಲಿ ವಾಸಿಯಾಯಿತು. ಅದಾಗಿ ಈ ಚಳಿಗಾಲಕ್ಕೆ ಎರಡು ವರ್ಷ. ಮಾರ್ಲೂಸ್ ಇವತ್ತಿಗೂ ಅವನನ್ನು ನನ್ನೊಬ್ಬಳ ಬಳಿ ಬಿಟ್ಟು ಹೋಗಿಲ್ಲ.